ಗಂಡ ಬೇರೆ, ಅಪ್ಪ ಬೇರೆನಾ?

ಹೋದ ಸಲ ದುರ್ಗಕ್ಕೆ ಹೋದಾಗ ಗೆಳತಿಯ ಜೊತೆ ಚಂದ್ರವಳ್ಳಿ ಕೆರೆ ಕಡೆ ಹೋಗಿದ್ದೆ. ಅವಳ ಆರು ವರ್ಷದ ಮಗ ನಮ್ಮ ಮುಂದೆ ಬಂಡೆ ಹತ್ತುತ್ತಿದ್ದ. ಪ್ರತಿ ಭಾನುವಾರ ಅವನನ್ನು ಅಪ್ಪನ ಜೊತೆ ಕಳಿಸಬೇಕು ಅಂತ ಕೋರ್ಟಿನ ಮಧ್ಯಂತರ ಆದೇಶ. ಗಂಡ ಹೊಡೆದಿದ್ದಕ್ಕೆ ವೂಂಡ್ ಸರ್ಟಿಫಿಕೇಟ್ ಇದೆ, ಮೆಸೇಜುಗಳಿವೆ.

"ಅದು ಬೇರೆ ಕೇಸು, ಹೊಡೆದಿದ್ದು ನಿಮಗೆ ತಾನೆ, ಮಗುಗಲ್ಲವಲ್ಲ ಅಂದ್ರು ಕಣೇ" ಅಂದಳು.

ಮಗು ಆಗ ಬಾಗಿಲ ಹಿಂದೆಯೇ ನಿಂತಿತ್ತು.

ನನ್ನ ತಕರಾರು ಕಾನೂನಿನ ಮೇಲಲ್ಲ, ಅದನ್ನು ಬಳಸುವ ಅಭ್ಯಾಸದ ಮೇಲೆ. 1890ರ ಪೋಷಕರ ಕಾಯ್ದೆಯೇ ಪೋಷಕರಾಗುವವರ ನಡತೆ ನೋಡಿ ಅನ್ನುತ್ತೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 14ನೇ ಕಲಮಿನ ಪ್ರಕಾರ, ಸಾಕ್ಷ್ಯ ಕಾಯ್ದೆ ಒಪ್ಪದ ದಾಖಲೆಯನ್ನೂ ಪ್ರಯೋಜನಕ್ಕೆ ಬಂದರೆ ಪರಿಶೀಲಿಸಬಹುದು. 12ನೇ ಕಲಮಿನಲ್ಲಿ ತಜ್ಞರ ನೆರವಿಗೂ ಅವಕಾಶವಿದೆ. ಭೇಟಿಯಿಂದ ಮಗುವಿಗೆ ಹಾನಿ ಅನ್ನಿಸಿದರೆ ಮ್ಯಾಜಿಸ್ಟ್ರೇಟರು ಅದನ್ನು ನಿರಾಕರಿಸಲೇಬೇಕು ಅನ್ನುತ್ತೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಮು.

2008ರಲ್ಲಿ ಬಂಗಾಳದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂದಿತ್ತು. ಹೆಂಡತಿಯ ವರದಕ್ಷಿಣೆ ಸಾವಿನ ಆರೋಪ ಹೊತ್ತಿದ್ದ ತಂದೆಗೇ ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಮಗುವನ್ನು ಒಪ್ಪಿಸಿದ್ದವು. ಆ ಆರೋಪವನ್ನೂ ಮಗುವಿನ ಇಷ್ಟವನ್ನೂ ತೂಗಬೇಕಿತ್ತು ಅಂತ ಸುಪ್ರೀಂ ಕೋರ್ಟು ಆದೇಶ ರದ್ದು ಮಾಡಿ, ಮಗುವನ್ನು ತಾಯಿಯ ಅಪ್ಪ-ಅಮ್ಮನಿಗೆ ಕೊಟ್ಟಿತು.

ಸುಳ್ಳು ಆರೋಪಗಳೂ ಇರುತ್ತವಲ್ಲ ಅಂತೀರಾ? ಇರಬಹುದು. ಅದಕ್ಕೇ ಪರೀಕ್ಷೆ ಮಾಡಿ ಅನ್ನೋದು. ನಿಜವಾಗಿದ್ದರೆ ಅರ್ಧ ದಿನದ ಭೇಟಿಯೂ ಮಗುವಿಗೆ ಅಪಾಯ, ಸುಳ್ಳಾಗಿದ್ದರೆ ಅಪ್ಪನಿಗೆ ಅರ್ಧ ದಿನ ಮಾತ್ರ ಕೊಡೋದು ಅನ್ಯಾಯ. ಇಬ್ಬರಿಗೂ ಅರ್ಧರ್ಧ ಹಂಚಿದರೆ ಸತ್ಯ ಗೊತ್ತಾಗಲ್ಲ. ಮಗು ಹೆದರಿದರೆ "ಅಮ್ಮ ಹೇಳಿಕೊಟ್ಟಿದ್ದು" ಅಂದುಬಿಡುವುದೂ ಸಲೀಸು. ಇಂಥಾ ವರ್ತನೆ ನಡೆದಿದ್ದನ್ನು ಗುರುತಿಸದೆ ಯಾರಿಗೂ ಆ ಹಣೆಪಟ್ಟಿ ಅಂಟಿಸಬೇಡಿ ಅಂತ ಸುಪ್ರೀಂ ಕೋರ್ಟೇ 2024ರಲ್ಲಿ ಎಚ್ಚರಿಸಿದೆ.

ನಾನು ಕೇಳೋದು ದೊಡ್ಡದೇನಲ್ಲ. ಭೇಟಿಯ ಆದೇಶದಲ್ಲಿ ಒಂದು ಪ್ಯಾರಾ ಇರಲಿ: ಹಿಂಸೆಯ ಈ ಪುರಾವೆ ನೋಡಿದೆವು, ಸದ್ಯಕ್ಕೆ ನಂಬಿದೆವು ಅಥವಾ ನಂಬಲಿಲ್ಲ, ಕಾರಣ ಇದು. ಗೆಳತಿಯ ಆದೇಶದಲ್ಲಿ ಆ ಪ್ಯಾರಾ ಇಲ್ಲ. ಮೇಲಿನ ಕೋರ್ಟಿಗೆ ಹೋದರೂ ಯಾವುದನ್ನು ಪ್ರಶ್ನಿಸಬೇಕು ಅವಳು?

ಹೊರಡುವಾಗ ಹುಡುಗ ಅಮ್ಮನ ಕೈ ಹಿಡಿದು ಕೇಳಿದ, "ನಾಳೆ ಭಾನುವಾರನಾ?"