ಗಾಯವಿಲ್ಲದ ಗಿಟುಕು

ಶೆಟ್ಟಿಕೆರೆಯ ತೋಟದ ಮನೆಗಳಲ್ಲಿ ಕೊಬ್ಬರಿ ಸುಲಿಯುವವರ ಕೈಯನ್ನು ನಿಂತು ನೋಡಬೇಕು. ಎಣ್ಣೆ ಕೊಬ್ಬರಿಗಾದರೆ ಹಸಿಕಾಯಿ ಒಡೆದು ಹೋಳನ್ನು ಬಿಸಿಲಿಗೆ ಹಾಕಿದರಾಯಿತು. ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿಗೆ ತಾಳ್ಮೆ ಬೇಕು. ಬಲಿತ ಕಾಯಿ ಮಟ್ಟೆಯ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಮಲಗುತ್ತದೆ. ಹಲಗೆಗಳ ಸಂದಿಯಲ್ಲಿ ಗಾಳಿ ಆಡುತ್ತದೆ, ಒಳಗಿನ ನೀರು ಇಂಗುತ್ತದೆ, ತಿರುಳು ನಿಧಾನವಾಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ನೀರಿನ ಸದ್ದು ಬಂದರೆ ಅದು ಇನ್ನೂ ಕಾಯಿಯೇ.

ಆಮೇಲೆ, ಮಟ್ಟೆ ಸುಲಿದ ಮೇಲೆ, ಮಚ್ಚಿನ ಕೆಲಸ. ಎಡಗೈಯಲ್ಲಿ ಕಾಯಿ ತಿರುಗುತ್ತಲೇ ಇರುತ್ತದೆ, ಬಲಗೈಯ ಏಟು ಚಿಪ್ಪಿನ ಮೇಲಷ್ಟೇ ಬೀಳುತ್ತದೆ. ಏಟು ತುಸು ಹೆಚ್ಚಾದರೂ ಕಂದು ಸಿಪ್ಪೆಗೆ ಗಾಯ, ಬೆಲೆಗೆ ಪೆಟ್ಟು. ಸುಲಿಯುವ ಹೆಂಗಸರು ಮಾತಾಡುತ್ತಲೇ, ಕೈಯ ಕಡೆ ಸರಿಯಾಗಿ ನೋಡದೆಯೇ ಚಿಪ್ಪು ಸಿಡಿಸುತ್ತಾರೆ. ಎಷ್ಟು ನೋಡಿದರೂ ನನಗೆ ಬೆರಗು ಇಳಿಯದು. ಹೊರಬಂದ ಗಿಟುಕು ದುಂಡಗೆ, ಇಡಿಯಾಗಿ, ಸಿಹಿ ಎಣ್ಣೆಯ ವಾಸನೆಯೊಂದಿಗೆ ರಾಶಿಗೆ ಉರುಳುತ್ತದೆ. ತಿಪಟೂರಿನ ಎಪಿಎಂಸಿಯಿಂದ ಉತ್ತರ ಭಾರತದ ಪೂಜೆ, ಮದುವೆಗಳವರೆಗೆ ಹೋಗುವುದು ಇದೇ.