ಹಾರಂಗಿಯ ಮಟ್ಟ ಕೇಳುವವರಿಗೆ ಉತ್ತರ ಕೊಡುವವರು ಯಾರು?

ಜುಲೈ ಬಂತೆಂದರೆ ಕೊಡಗಿನ ಹುದುಗೂರು, ಕೂಡಿಗೆ, ಕುಶಾಲನಗರದ ಕಡೆಯ ಜನ ಮೊಬೈಲ್ ತೆಗೆದು ಹುಡುಕುವುದು ಹಾರಂಗಿ ಜಲಾಶಯ ಎಷ್ಟು ತುಂಬಿದೆ, ಹೊಳೆಗೆ ಎಷ್ಟು ಕ್ಯುಸೆಕ್ ಬಿಡುತ್ತಿದ್ದಾರೆ ಎಂಬುದನ್ನು. ಜಲಾಶಯದ ಗರಿಷ್ಠ ಮಟ್ಟ 2,859 ಅಡಿ, ಸಾಮರ್ಥ್ಯ 8.5 ಟಿಎಂಸಿ. ಚಿಕ್ಕ ಜಲಾಶಯವಾದ್ದರಿಂದ ಮಳೆ ಜೋರಾದರೆ ನೋಡನೋಡುತ್ತಲೇ ತುಂಬುತ್ತದೆ. 2018ರ ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಬೆಳಿಗ್ಗೆಯ ಅಂಕಿ ಸಂಜೆಗೆ ಸಾಲದು. ಆದರೆ ಕನ್ನಡದಲ್ಲಿ ಟೈಪಿಸಿ ಕೇಳಿದರೆ ಹೋದ ವರ್ಷದ ಸುದ್ದಿ ಮೊದಲು ಬಂದು ಕೂರುವುದುಂಟು. ದಿನಾಂಕ ನೋಡದೆ ಓದಿದವರು ಮೋಸ ಹೋಗುತ್ತಾರೆ.

ಹುಡುಕಾಟದ ಹೊಸ ತಂತ್ರಜ್ಞಾನಗಳನ್ನು, ಅದಕ್ಕೆಂದೇ ಹುಟ್ಟಿದ ಸ್ಟಾರ್ಟಪ್‌ಗಳನ್ನು ನಾನು ಅಳೆಯುವುದು ಈ ಪ್ರಶ್ನೆಯಿಂದಲೇ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಯಾರು ಉಳಿದರು ಎಂಬ ಲೆಕ್ಕಕ್ಕಿಂತ, ದುಡ್ಡು ಕಡಿಮೆಯಾದಾಗ ಯಾರನ್ನು ಮೊದಲು ಕೈಬಿಟ್ಟರು ಎಂಬುದು ನನಗೆ ಮುಖ್ಯ.

ಬೆಂಗಳೂರಿನ ಗುರೂಜಿ ಡಾಟ್ ಕಾಮ್ ಇದಕ್ಕೆ ಒಳ್ಳೆಯ ಉದಾಹರಣೆ. ದಿಲ್ಲಿ ಐಐಟಿಯಲ್ಲಿ ಓದಿದ ಅನುರಾಗ್ ದೋಡ್ ಮತ್ತು ಗೌರವ್ ಮಿಶ್ರಾ 2006ರ ಅಕ್ಟೋಬರ್‌ನಲ್ಲಿ, ಸಿಕೋಯ ಕ್ಯಾಪಿಟಲ್‌ನ ಬಂಡವಾಳದೊಂದಿಗೆ ಅದನ್ನು ಶುರು ಮಾಡಿದರು. ಭಾರತದ್ದೇ ಸರ್ಚ್ ಎಂಜಿನ್ ಎಂಬ ಹೆಮ್ಮೆಯ ಜೊತೆಗೆ ಭಾರತೀಯ ಭಾಷೆಗಳಲ್ಲಿ ಹುಡುಕುವ ಸೌಲಭ್ಯವನ್ನೂ ಕೊಟ್ಟರು; ಅದರಲ್ಲಿ ಕನ್ನಡವೂ ಇತ್ತು. ಆ ಕಾಲಕ್ಕೆ ಅದು ಸಣ್ಣ ಕೆಲಸವಲ್ಲ. ಆಗಿನ ಎಷ್ಟೋ ಕನ್ನಡ ತಾಣಗಳು ಯೂನಿಕೋಡ್‌ಗೆ ಬಂದಿರಲಿಲ್ಲ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಂಡರೂ ಒಳಗಿರುತ್ತಿದ್ದುದು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟ್, ಒಂದೊಂದು ಸಂಕೇತ. ಯಂತ್ರದ ಪಾಲಿಗೆ ಆ ಪುಟಗಳಲ್ಲಿ ಕನ್ನಡವೇ ಇರಲಿಲ್ಲ. ಹೈದರಾಬಾದಿನ ಐಐಐಟಿಯವರು ಅದೇ ವರ್ಷ ವೆಬ್‌ಖೋಜ್ ಎಂಬ ಸರ್ಚ್ ಎಂಜಿನ್ ಕಟ್ಟಿದ್ದು ಇದೇ ತೊಡಕನ್ನು ಬಿಡಿಸಲು.

ಫಾಂಟಿನ ತೊಡಕು ಬಿಡಿಸಿದರೂ ವ್ಯಾಕರಣ ಉಳಿಯುತ್ತದೆ. ಹಾರಂಗಿಯ, ಹಾರಂಗಿಗೆ, ಹಾರಂಗಿಯಿಂದ, ಹಾರಂಗಿಯಲ್ಲೂ ಎಂದು ಒಂದೇ ಸುದ್ದಿಯಲ್ಲಿ ಹೆಸರು ನಾಲ್ಕು ರೂಪ ತಾಳುತ್ತದೆ. ಬರೆದವರು ಜಲಾಶಯ ಎನ್ನುತ್ತಾರೆ, ಹುಡುಕುವವರು ಡ್ಯಾಂ ಎನ್ನುತ್ತಾರೆ. ವಿಭಕ್ತಿ ಕಳಚಿ, ಸಂಧಿ ಬಿಡಿಸಿ, ಇವೆಲ್ಲ ಒಂದೇ ಎಂದು ಯಂತ್ರಕ್ಕೆ ಕಲಿಸಲು ವರ್ಷಗಟ್ಟಲೆ ಕೂತು ಮಾಡುವ ಕೆಲಸ ಬೇಕು. ಜಾಹೀರಾತಿನ ಆದಾಯ ಅಷ್ಟು ವರ್ಷ ಕಾಯುವುದಿಲ್ಲ.

2008 ಬಂತು. ಜುಲೈನಲ್ಲಿ ಅಮೆರಿಕದಲ್ಲಿ ಕೂಲ್ (Cuil) ಎಂಬ ಸರ್ಚ್ ಎಂಜಿನ್ 12,000 ಕೋಟಿ ಪುಟಗಳನ್ನು ಜಾಲಾಡಿದ್ದೇವೆ ಎಂದು ಸಾರಿಕೊಂಡು ಹೊರಬಿತ್ತು. ಎರಡು ವರ್ಷ ಕಳೆಯುತ್ತಲೇ ಮುಚ್ಚಿಹೋಯಿತು. ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ದಿವಾಳಿ ಎದ್ದಿತು. ಮರುತಿಂಗಳೇ ಸಿಕೋಯ ಕ್ಯಾಲಿಫೋರ್ನಿಯಾದಲ್ಲಿ ತನ್ನ ಕಂಪನಿಗಳ ಮುಖ್ಯಸ್ಥರನ್ನು ಕರೆಸಿ, ಖರ್ಚಿಗೆ ಕತ್ತರಿ ಹಾಕಿ ಎಂದು ಖಡಾಖಂಡಿತವಾಗಿ ಹೇಳಿತು. ಗುರೂಜಿ ಆ ಹೊತ್ತಿಗೆ ಸಿನಿಮಾ ಹಾಡುಗಳ ಹುಡುಕಾಟಕ್ಕೆ ಹೆಸರಾಗುತ್ತಿತ್ತು. ಜನ ಬರುತ್ತಿದ್ದುದು ಹಾಡಿಗೆ, ಕಂಪನಿ ಹೋದದ್ದು ಜನರ ಹಿಂದೆ. ಹಕ್ಕುಸ್ವಾಮ್ಯದ ಪ್ರಶ್ನೆ ಎತ್ತಿದ ಟಿ-ಸೀರೀಸ್ ಕೊಟ್ಟ ದೂರು 2010ರಲ್ಲಿ ಪೊಲೀಸ್ ಕ್ರಮದವರೆಗೆ ಹೋಯಿತು. ಅಲ್ಲಿಂದ ಮುಂದೆ ಗುರೂಜಿ ಚೇತರಿಸಿಕೊಳ್ಳಲಿಲ್ಲ.

ಅದು ಸೋತದ್ದು ಮುಗ್ಗಟ್ಟಿನಿಂದ ಎಂದು ನಾನು ಒಪ್ಪುವುದಿಲ್ಲ, ಗೂಗಲ್‌ನ ಗಾತ್ರ ನೋಡಿ ಎಂಬ ವಾದವೂ ನನಗೆ ಪೂರ್ತಿ ಹಿಡಿಸುವುದಿಲ್ಲ. ಗೂಗಲ್‌ಗೆ ಆಗ ಆಸಕ್ತಿಯಿಲ್ಲದ ಜಾಗವೊಂದಿತ್ತು: ಸೋಮವಾರಪೇಟೆಯ ಮಾರುಕಟ್ಟೆ ದರ, ಕುಶಾಲನಗರದ ಬಸ್ಸಿನ ವೇಳೆ, ಹಾರಂಗಿಯ ಒಳಹರಿವು. ಆ ಜಾಗ ಹಿಡಿಯುವ ತಾಂತ್ರಿಕ ತಯಾರಿ ಗುರೂಜಿಗೆ ಇತ್ತು, ಹಾಡಿನ ಕಡೆ ತಿರುಗಿ ಅದನ್ನು ಬಿಟ್ಟುಕೊಟ್ಟಿತು. ನನ್ನ ದೂರು ಇಷ್ಟೇ. ಅದೇ ಕಾಲದ ಊರ ಮಾಹಿತಿಯ ಕಂಪನಿಗಳಾದ ಆಸ್ಕ್‌ಲೈಲಾ, ಜಸ್ಟ್ ಡಯಲ್ ಹುಡುಕಿಕೊಟ್ಟದ್ದು ಅಂಗಡಿ, ಹೋಟೆಲುಗಳನ್ನು. ಅಣೆಕಟ್ಟೆ ಯಾರಿಗೂ ಜಾಹೀರಾತು ಕೊಡುವುದಿಲ್ಲ.

ಇನ್ನೊಂದು ಬಗೆಯ ಹುಡುಕಾಟವೂ ನಮ್ಮಲ್ಲಿ ಬೆಳೆದಿದೆ. ಓಂಶಿವಪ್ರಕಾಶ್, ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಮುಂತಾದವರು ಸೇರಿ ಕಟ್ಟಿದ ವಚನ ಸಂಚಯ ತಾಣವು, ಒಂದು ಪದ ಕೊಟ್ಟರೆ ಅದು ಯಾವ ವಚನಕಾರರಲ್ಲಿ, ಯಾವ ವಚನದಲ್ಲಿ ಬಂದಿದೆ ಎಂದು ತೆರೆದಿಡುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ನಿಘಂಟು 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ ‘ಅಲರ್’ ಆಗಿ ಎಲ್ಲರಿಗೂ ಸಿಕ್ಕಿತು. ಇವಕ್ಕೆ ಹೂಡಿಕೆದಾರರ ಗಡುವು ಇರಲಿಲ್ಲ. 2022ರ ನಂತರ ಸ್ಟಾರ್ಟಪ್‌ಗಳಿಗೆ ದುಡ್ಡಿನ ಬರ ಬಂದು, ಭಾರತೀಯ ಭಾಷೆಗಳ ಹೆಸರಿನಲ್ಲೇ ಬೆಳೆದ ಬೆಂಗಳೂರಿನ ಸಾಮಾಜಿಕ ಜಾಲತಾಣ ‘ಕೂ’ 2024ರಲ್ಲಿ ಬಾಗಿಲು ಹಾಕಿದಾಗಲೂ ಈ ಎರಡು ತಾಣಗಳು ತಮ್ಮ ಪಾಡಿಗೆ ತಾವು ನಡೆದವು. ಆದರೂ ಇವುಗಳ ಮಿತಿಯನ್ನೂ ಹೇಳಬೇಕು: ಮುಗಿದ ಪಠ್ಯವನ್ನು ಪ್ರೀತಿಯಿಂದ ಕಾಯಬಹುದು, ಗಂಟೆಗೊಮ್ಮೆ ಬದಲಾಗುವ ನೀರಿನ ಲೆಕ್ಕವನ್ನು ಬಿಡುವಿನ ವೇಳೆಯಲ್ಲಿ ಕಾಯಲಾಗದು.

ಆ ಕೆಲಸಕ್ಕೆ ಹತ್ತಿರ ಬಂದಿರುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’. ರೈತರು ಫೋನ್ ಮಾಡಿ ತಮ್ಮ ಊರಿನ ಮಳೆಯ ವಿಚಾರ ಕೇಳಬಹುದು, ಆ ಕಡೆಯಿಂದ ಮನುಷ್ಯರೇ ಉತ್ತರಿಸುತ್ತಾರೆ. ಇದನ್ನು ಸರ್ಚ್ ಎಂಜಿನ್ ಎಂದು ಯಾರೂ ಕರೆಯುವುದಿಲ್ಲ. ನನ್ನ ಮಟ್ಟಿಗೆ ಅದು ಸರ್ಚ್ ಎಂಜಿನ್ನೇ, ಮತ್ತು ಸಾಮಾನ್ಯ ಕನ್ನಡಿಗರಿಗೆ ಗುರೂಜಿಗಿಂತ ಹೆಚ್ಚು ಒದಗಿದ್ದು.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಪುಟಗಳ ಪಟ್ಟಿ ಕೊಡುವ ಬದಲು ನೇರ ಉತ್ತರವನ್ನೇ ಕೊಡುವ ಕಂಪನಿಗಳಿಗೆ ಹೂಡಿಕೆ ಹರಿಯುತ್ತಿದೆ. ಇವುಗಳ ಕನ್ನಡ ಸರಾಗವಾಗಿದೆ, ವಿಭಕ್ತಿಗೆ ಮುಗ್ಗರಿಸುವುದಿಲ್ಲ. ಇದು ನಿಜವಾದ ಗೆಲುವು. ಅಪಾಯವಿರುವುದೂ ಆ ಸರಾಗದಲ್ಲೇ. ಹಳೆಯ ಸುದ್ದಿಯ ಮೇಲೆ ದಿನಾಂಕವಾದರೂ ಇರುತ್ತಿತ್ತು. ಒಪ್ಪವಾದ ಒಂದು ವಾಕ್ಯದಲ್ಲಿ ಬರುವ ಅಂಕಿ ಇವತ್ತಿನದೋ ಹೋದ ಆಗಸ್ಟ್‌ನದೋ ಎಂದು ಹೊಳೆದಂಡೆಯವರು ಹೇಗೆ ತಿಳಿಯಬೇಕು? ಇಂಥ ಕಂಪನಿಗಳು ಬೆಂಗಳೂರಿನಲ್ಲಿ ಸರ್ಕಾರದ ನೆರವು ಕೇಳಲು ಬಂದಾಗ ಒಂದು ಷರತ್ತು ಹಾಕಬೇಕು: ನೀರು, ಮಳೆ, ರಸ್ತೆಯ ವಿಷಯದಲ್ಲಿ ಕೊಡುವ ಪ್ರತಿ ಉತ್ತರದಲ್ಲೂ ಅಳತೆ ತೆಗೆದ ದಿನ, ಗಂಟೆ ಮತ್ತು ಇಲಾಖೆಯ ಹೆಸರು ಕನ್ನಡದಲ್ಲಿ ಕಾಣಲೇಬೇಕು. ಇಲಾಖೆಯೂ ತನ್ನ ಲೆಕ್ಕವನ್ನು ಚಿತ್ರವಾಗಿ ಅಂಟಿಸುವುದನ್ನು ಬಿಟ್ಟು, ಯಂತ್ರ ಓದಬಲ್ಲ ಯೂನಿಕೋಡ್ ಪಠ್ಯವಾಗಿ, ಗೇಟು ಎತ್ತುವ ಮೊದಲೇ ಪ್ರಕಟಿಸಬೇಕು.