ಬೆಲ್ ಐಲ್‌ನ ಹಸಿರು ಕಮಾನು

ಡೆಟ್ರಾಯಿಟ್ ನದಿಯ ನಡುವೆ, ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಕೆನಡಾ ಕಾಣುವ ಹಾಗೆ ಚಾಚಿಕೊಂಡಿದೆ ಬೆಲ್ ಐಲ್. ಸುಮಾರು 980 ಎಕರೆಯ ಈ ದ್ವೀಪವನ್ನು ಡೆಟ್ರಾಯಿಟ್ ನಗರ ಕೊಂಡದ್ದು 1879ರಲ್ಲಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದವರಲ್ಲಿ ಒಬ್ಬರಾದ ಫ್ರೆಡರಿಕ್ ಲಾ ಓಮ್‌ಸ್ಟೆಡ್ 1880ರ ದಶಕದಲ್ಲಿ ಇದಕ್ಕೂ ನಕ್ಷೆ ಬರೆದರು. ಅದರಲ್ಲಿ ಸ್ವಲ್ಪವಷ್ಟೇ ಕೈಗೂಡಿತು. ಆದರೂ ಕಾಲುವೆಗಳು, ಪೂರ್ವ ತುದಿಯ ಕಾಡು ಇವತ್ತಿಗೂ ಮನಸ್ಸಿಗೆ ತಂಪು.

ಬಹಳ ಜನ ಅಮೃತಶಿಲೆಯ ಸ್ಕಾಟ್ ಕಾರಂಜಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಚೆಂದವೇ, ಸರಿ. ನನ್ನ ಪ್ರೀತಿ ಮಾತ್ರ 1904ರ ಮತ್ಸ್ಯಾಲಯದ ಮೇಲೆ. ಆಲ್ಬರ್ಟ್ ಕಾನ್ ಇದರ ವಾಸ್ತುಶಿಲ್ಪಿಗಳಲ್ಲೊಬ್ಬರು. ಮುಂದೆ ಫೋರ್ಡ್ ಕಾರ್ಖಾನೆಗಳನ್ನು ವಿನ್ಯಾಸಗೊಳಿಸಿದವರೂ ಇವರೇ. ಬಾಗಿಲು ದಾಟಿ ತಲೆ ಎತ್ತಿದರೆ, ಉದ್ದಕ್ಕೂ ಕಮಾನಾಗಿ ಬಾಗಿದ ಚಾವಣಿ, ಅದರ ತುಂಬ ಹೊಳೆಯುವ ಹಸಿರು ಗಾಜಿನ ಬಿಲ್ಲೆಗಳು. ಬೆಳಕು ಅವುಗಳ ಮೇಲೆ ಜಾರುವಾಗ ನಾವೇ ನೀರಿನೊಳಗೆ ನಿಂತು ಮೇಲ್ಮೈ ನೋಡುತ್ತಿದ್ದೇವೆ ಅನ್ನಿಸುತ್ತದೆ. ಮೀನು ನೋಡಲು ಬಂದವರನ್ನು ಮೀನಿನ ಲೋಕಕ್ಕೇ ಇಳಿಸಿಬಿಡುವ ಈ ಯೋಚನೆ ಎಷ್ಟು ಸರಳ, ಎಷ್ಟು ಉದಾರ!

2005ರಲ್ಲಿ ಹಣವಿಲ್ಲದೆ ನಗರ ಈ ಮತ್ಸ್ಯಾಲಯವನ್ನು ಮುಚ್ಚಿತು. ಊರಿನವರು ಬಿಡಲಿಲ್ಲ, 2012ರಲ್ಲಿ ಸ್ವಯಂಸೇವಕರ ದುಡಿಮೆಯಿಂದ ಬಾಗಿಲು ಮತ್ತೆ ತೆರೆಯಿತು. 2014ರಿಂದ ಇಡೀ ದ್ವೀಪವನ್ನು ಮಿಚಿಗನ್ ರಾಜ್ಯ ತನ್ನ ಉದ್ಯಾನವಾಗಿ ನಡೆಸುತ್ತಿದೆ. ಮತ್ಸ್ಯಾಲಯದ ಪಕ್ಕದಲ್ಲೇ 1904ರಲ್ಲೇ ಕಟ್ಟಿದ ಗಾಜಿನ ಸಸ್ಯಾಗಾರವಿದೆ. ಅದಕ್ಕೂ ಬಿಡುವು ಮಾಡಿಕೊಂಡು ಹೋಗಿ. ತಾಳೆಗಳು ಗುಮ್ಮಟದತ್ತ ಏರಿ ನಿಂತಿವೆ, ಆರ್ಕಿಡ್‌ಗಳ ಸಂಗ್ರಹ ಬಹಳ ದೊಡ್ಡದು.